ರಾಜೀವಿಯ ಹೆಸರಿನ ಮನೆ

ನನ್ನ ಅಕ್ಕ ರಾಜೀವಿ ಹತ್ತು ಸಮಸ್ತರ ಎದುರು ನಿಂತು ಗಂಡ ಸಾಯಲಿ ಎಂದು ಹೇಳಿದ ಹೆಂಗಸು ಎಂದು ಬೊಕ್ಕಪಟ್ಣದಲ್ಲಿ ಈಗಲೂ ಹೇಳಿಕೊಂಡು ತಿರುಗುವವರಿದ್ದಾರೆ. ಹಾಗೆ ಹೇಳುವವರಲ್ಲಿ ಅರ್ಧ ಜನ ಆ ದಿನ ಅಲ್ಲಿ ಇರಲೇ ಇಲ್ಲ. ಇದ್ದವರಿಗೆ ಅವಳು ಹೇಳಿದ್ದು ಹಾಗಲ್ಲ ಎಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ಅಕ್ಕ ಈಗ ಇಲ್ಲ, ಉತ್ತರ ಕೊಡಲು ಎದ್ದು ಬರುವುದಿಲ್ಲ. ನಾನು ಲಕ್ಷ್ಮೀ, ಅವಳ ತಂಗಿ, ಹುಡುಗಿಯರ ಶಾಲೆಯಲ್ಲಿ ಟೀಚರಾಗಿದ್ದವಳು, ಇನ್ನೂ ಇದ್ದೇನೆ. ಇವಳು ಕೋಪದಲ್ಲಿ ಬರೆಯುತ್ತಿದ್ದಾಳೆ ಎಂದು ಯಾರಿಗಾದರೂ ಕಂಡರೆ, ಹೌದು, ಕೋಪದಲ್ಲೇ ಬರೆಯುತ್ತಿದ್ದೇನೆ.

ನಾವು ಮೊಗವೀರರು. ನಮ್ಮಲ್ಲಿ ಕಡಲು ಗಂಡಸರದ್ದು, ಕಡಲ ಮರಳಿನಿಂದ ಈಚೆಗೆ ಎಲ್ಲ ಹೆಂಗಸರದ್ದು. ಬಲೆ ದಡಕ್ಕೆ ಬಂದು ಮೀನು ಮರಳಿಗೆ ಬಿದ್ದ ಮೇಲೆ ಗಂಡಸರು ಬೀಡಿ ಹಚ್ಚಿ ಕೂರುತ್ತಾರೆ. ಕೊಳ್ಳುವುದು, ಹೊರುವುದು, ಮಾರುವುದು, ದುಡ್ಡು ಸೆರಗಿಗೆ ಕಟ್ಟುವುದು ಹೆಂಗಸರ ಕೆಲಸ. ರಾಜೀವಿ ಬೆಂಗ್ರೆಯ ದಡದಲ್ಲಿ ಬಂಗುಡೆ, ಬೂತಾಯಿ ಬುಟ್ಟಿಗೆ ತುಂಬಿಸಿ, ದೋಣಿಯಲ್ಲಿ ಹೊಳೆ ದಾಟಿ, ಫಳ್ನೀರಿನ ಬಂಗಲೆಗಳಿಗೆ, ಅಲ್ಲಿಯ ಆಸ್ಪತ್ರೆಯ ಅಡಿಗೆಮನೆಗೆ ವರ್ಷಾನುಗಟ್ಟಲೆ ಮೀನು ಕೊಟ್ಟವಳು. ಗಿಡ್ಡ ಆಳು, ದೊಡ್ಡ ಗಂಟಲು. ಬಂಗಲೆಯ ಅಮ್ಮಂದಿರು ಮೀನಿನ ಕಿವಿರು ಎತ್ತಿ ಎತ್ತಿ ನೋಡಿದರೆ, "ನೋಡಿದ್ದು ಸಾಕು ಅಮ್ಮ, ಅದಕ್ಕೆ ಜ್ವರ ಇಲ್ಲ" ಎಂದು ಬುಟ್ಟಿ ಎತ್ತಿಬಿಡುತ್ತಿದ್ದಳು. ಅವರೇ ಮತ್ತೆ ಗೇಟಿನವರೆಗೆ ಓಡಿ ಬಂದು ಕರೆಯುತ್ತಿದ್ದರು. ಕೆಟ್ಟ ಮೀನು ಅವಳು ಕೊಟ್ಟದ್ದಿಲ್ಲ.

ನಮಗೆ ಬೆಂಗ್ರೆಯಲ್ಲಿ ಅಮ್ಮನ ಮನೆ ಇತ್ತು. ಒಂದು ಮಳೆಗಾಲ ಕಡಲು ಬಂದು ಅದನ್ನು ತೆಗೆದುಕೊಂಡು ಹೋಯಿತು. ಗೋಡೆ, ತುಳಸಿಕಟ್ಟೆ, ಒಲೆಗಲ್ಲು, ಯಾವುದೂ ಉಳಿಯಲಿಲ್ಲ. ಅಮ್ಮನನ್ನು, ಅಕ್ಕನ ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ನಾವು ಹೊಳೆಯ ಈಚೆ ಬೊಕ್ಕಪಟ್ಣದಲ್ಲಿ ಕ್ರೈಸ್ತರಾದ ಪಿಯುಸ್ ಪೊರ್ಬುಗಳ ಹಂಚಿನ ಮನೆಗೆ ಬಾಡಿಗೆಗೆ ಬಂದೆವು. ಅಕ್ಕನ ಗಂಡ ಬೂಬ ಭಾವನೂ ನಮ್ಮೊಡನೆಯೇ ಇದ್ದ. ಅವನ ತಾಯಿಯ ಮನೆ ಬೋಳಾರದಲ್ಲಿ. ಅಲ್ಲಿ ಅವನ ಅಕ್ಕ ದಮಯಂತಿ, ಅವಳ ಮಗ ಯಾದವ.

ಅಮ್ಮ ಆ ಬಾಡಿಗೆ ಮನೆಯಲ್ಲಿ ಒಂದು ದಿನವೂ ಕಾಲು ನೀಡಿ ಕೂರಲಿಲ್ಲ. ಬಂದವರ ಮನೆಯಲ್ಲಿ ಕೂತ ಹಾಗೆ ಗೋಡೆಯ ಬದಿಯಲ್ಲಿ ಮುದುಡಿ ಕೂರುತ್ತಿದ್ದಳು. ಅದನ್ನು ನೋಡಿ ನೋಡಿ ಅಕ್ಕನಿಗೆ ಹಟ ಬಂತು. ತಲೆಯ ಮೇಲೆ ಒಂದು ಮಾಡು ಬೇಕು, ಅದು ನಮ್ಮದಾಗಿರಬೇಕು, ನಮ್ಮ ಹೆಣ್ಣುಮಕ್ಕಳನ್ನು ಅಲ್ಲಿಂದ ಯಾರೂ ಏಳಿ ಎನ್ನಬಾರದು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಸಾವಿರದ ಒಂಬೈನೂರ ಮೂವತ್ತಾರರ ದೀಪಾವಳಿ ಕಳೆದ ಮೇಲೆ ಪಿಯುಸ್ ಪೊರ್ಬುಗಳು ಬಾಡಿಗೆಗೆಂದು ಬಂದವರು ಜಗಲಿಯಲ್ಲಿ ಕೂತು, "ನಾನು ಬೊಂಬಾಯಿಗೆ ಮಗನ ಹತ್ತಿರ ಹೋಗ್ತೇನೆ ರಾಜೀವಿ. ಮನೆ ಮಾರ್ತೇನೆ. ಮಳೆ ಹಿಡಿಯುವ ಮೊದಲು ನೀನೇ ತಗೊಳ್ಳುವುದಾದರೆ ನಿನಗೇ. ಇಲ್ಲದಿದ್ದರೆ ಬೇರೆಯವರು ಕೇಳ್ತಾ ಇದ್ದಾರೆ" ಎಂದರು. ಅಕ್ಕ ಹಿಂದೆ ಮುಂದೆ ನೋಡದೆ, "ನಾನೇ ತಗೊಳ್ತೇನೆ" ಎಂದಳು. ಭಾವ ಬಾಯಿ ತೆರೆದು ನೋಡಿದ.

ಫಳ್ನೀರಿನಲ್ಲಿ ಆಗ ಮನೆ ಸಾಲ ಕೊಡುವ ಒಂದು ಸಹಕಾರಿ ಸಂಘವಿತ್ತು. ಕೊಳ್ಳುವ ಮನೆಯನ್ನೇ ಅವರಿಗೆ ಅಡವಿಟ್ಟು ತಿಂಗಳು ತಿಂಗಳು ಕಟ್ಟಬೇಕು. ಅದರ ಕಾರ್ಯದರ್ಶಿ ಕಮಲಾಕ್ಷ ರಾಯರು. ನಾನೂ ಅಕ್ಕನೂ ಹೋದಾಗ ಅವರು ಮೂಗಿಗೆ ವಸ್ತ್ರ ಹಿಡಿಯಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವರು. ಆದರೆ ಕೂರಲು ಹೇಳಲೂ ಇಲ್ಲ. ಅಕ್ಕನ ಸಂಪಾದನೆ ಕೇಳಿದರು. ಅವಳು ಮಳೆಗಾಲದಲ್ಲಿ ಎಷ್ಟು, ಬಲೆ ಬೀಳುವ ಕಾಲದಲ್ಲಿ ಎಷ್ಟು, ಒಣಮೀನು ಹೊತ್ತು ವಾಮಂಜೂರು, ಬಜಪೆ ಕಡೆಗೆ ಹೋದರೆ ಎಷ್ಟು ಎಂದು ಒಂದೂ ಬಿಡದೆ ಹೇಳಿದಳು. ಆಸ್ಪತ್ರೆಯ ಅಡಿಗೆಯವನೂ ಎರಡು ಬಂಗಲೆಯವರೂ ಹೌದೆಂದು ಹೇಳಿದರು. ನನ್ನ ಸಂಬಳ ಜಾಮೀನಿಗೆ ಆಯಿತು. ರಾಯರು ಬರೆದುಕೊಂಡು ಕೊನೆಗೆ ಒಂದು ನಿಯಮ ಓದಿ ಹೇಳಿದರು: ಸಾಲ ಕೈಗೆ ಬರುವ ಮೊದಲು ಸಂಪಾದನೆಯಲ್ಲಿ ಹೆಚ್ಚು ಕಡಿಮೆ ಆದರೆ ಬಂದು ತಿಳಿಸಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಸಾಲವಿಲ್ಲ.

"ಮುಚ್ಚಿಡಲಿಕ್ಕೆ ಎಂತ ಉಂಟು ರಾಯರೇ? ನನ್ನ ಸಂಪಾದನೆ ದಿನಾ ತಲೆ ಮೇಲೆ ಹೊತ್ತು ಇಡೀ ಊರಿಗೆ ತೋರಿಸ್ತೇನೆ" ಎಂದಳು ಅಕ್ಕ. ರಾಯರು ಸಹ ನಕ್ಕರು.

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಹಾಳು ಮಾಡಿದ್ದು ಭಾವ. ಅವನನ್ನು ಕೆಟ್ಟವನೆಂದು ನಾನು ಹೇಳುವುದಿಲ್ಲ, ಆದರೆ ಅವನ ಆ ದಿನದ ಮುಖ ನೆನೆದರೆ ನನಗೆ ಇವತ್ತಿಗೂ ಮಂಡೆ ಬಿಸಿಯಾಗುತ್ತದೆ. ಮಕರ ಸಂಕ್ರಮಣ ಕಳೆದಿತ್ತು, ದಡದಲ್ಲಿ ಮೀನು ಒಳ್ಳೆಯದಾಗಿ ಬೀಳುತ್ತಿತ್ತು. ಸಂಜೆ ಭಾವ ಹೊಸ ಅಂಗಿ ಹಾಕಿಕೊಂಡು, ಕೈಯಲ್ಲಿ ಹಲ್ವದ ಪೊಟ್ಟಣ ಹಿಡಿದುಕೊಂಡು ಬಂದ. ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಮಂಜಿ ಹಡಗುಗಳಿಗೆ ಹಂಚು ತುಂಬಿಸುವ ಕಡೆ ಮೇಸ್ತ್ರಿಯ ಕೆಲಸ ಸಿಕ್ಕಿದೆ, ಇನ್ನು ತಾನು ತಿಂಗಳ ಸಂಬಳದವನು, ಬಲೆ ಬಿಟ್ಟು ಬಂದೆ ಎಂದ.

ಅಕ್ಕ ಹಲ್ವ ಕೈಗೆ ತೆಗೆದುಕೊಳ್ಳಲಿಲ್ಲ. "ಬಲೆ ಬಿಟ್ಟು ಬಂದಿರಾ? ಯಾರನ್ನು ಕೇಳಿ ಬಿಟ್ಟಿರಿ?"

"ಕೇಳುವುದೆಂತ? ನಿನ್ನ ಮನೆಗಾಗಿಯೇ ಮಾರಾಯ್ತಿ. ಪೇಟೆಯಲ್ಲಿ ರಾಯರು ಸಿಕ್ಕಿದ್ದರು. ಮನೆಯಲ್ಲಿ ಒಬ್ಬನಿಗಾದರೂ ತಿಂಗಳ ಸಂಬಳ ಇದ್ದಿದ್ದರೆ ಬೇಗ ಆಗ್ತಿತ್ತು ಅಂತ ಹೇಳಿದರು."

"ಅಯ್ಯೋ ದೇವರೇ! ಎಂತ ಸಾವು ಮಾರಾಯ್ರೇ ಇದು!" ಎಂದು ಅಕ್ಕ ತಲೆಗೆ ಕೈ ಹೊತ್ತು ಕೂತಳು.

ಯಾಕೆಂದು ಹೇಳುತ್ತೇನೆ. ರಂಪಣಿ ಎಂದರೆ ಒಬ್ಬನ ಬಲೆಯಲ್ಲ. ಮನೆ ಮನೆಯಿಂದ ತಂದ ತುಂಡುಗಳನ್ನು ಒಂದಕ್ಕೊಂದು ಕಟ್ಟಿದರೆ ಅದು ರಂಪಣಿ. ಯಾರ ತುಂಡು ಬಲೆಯಲ್ಲಿ ಉಂಟೋ ಅವರಿಗೆ ಮೀನಿನಲ್ಲಿ ಪಾಲು. ಅಷ್ಟೇ ಅಲ್ಲ, ಮೀನು ಕೊಳ್ಳಲು ಬಲೆಯ ಮನೆಗಳ ಹೆಂಗಸರಿಗೇ ದಡದಲ್ಲಿ ಮೊದಲ ಬಾರಿ, ಅಂದರೆ ಮೊದಲ ಸರದಿ. ಅವರು ಬುಟ್ಟಿ ತುಂಬಿಸಿಕೊಂಡು ಹೋದ ಮೇಲೆ ಉಳಿದದ್ದು ಬೇರೆಯವರಿಗೆ, ಅದೂ ಹೆಚ್ಚಿನ ಕ್ರಯಕ್ಕೆ. ಭಾವ ತನ್ನ ತುಂಡನ್ನು ಬಿಚ್ಚಿ ಮನೆಗೆ ತಂದು ಹಿತ್ತಿಲಲ್ಲಿ ಹಾಕಿದ್ದ. ಅವನಿಗೆ ಸಂಬಳ ಸಿಕ್ಕಿದ ದಿನವೇ ಅಕ್ಕನ ವ್ಯಾಪಾರ ಮುಳುಗಿತು. ಹೆಂಡತಿಗೆ ಸಹಾಯ ಮಾಡುತ್ತೇನೆಂದು ಹೊರಟ ಗಂಡಸು ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ಇದು ಆಗುತ್ತಿತ್ತಾ? ಕೇಳಲಿಲ್ಲ. ದಡದ ಮೇಲೆ ಹುಟ್ಟಿ ಬೆಳೆದವನಿಗೆ ದಡದ ಕಟ್ಟಳೆ ಮರೆತುಹೋಗಿತ್ತು.

ಮರುದಿನ ಅವಳು ಬೆಂಗ್ರೆಗೆ ಹೋದಾಗ ಅಂಗಾರ ಗುರಿಕಾರರು, ನಮ್ಮ ದಡದ ಹಿರಿಯರು, ಮುಖ ಬೇರೆ ಕಡೆಗೆ ತಿರುಗಿಸಿಕೊಂಡು, "ನಿನ್ನ ಬಾರಿ ಇನ್ನು ಕೊನೆಗೆ ರಾಜೀವಿ. ನಿಮ್ಮ ಬಲೆ ಇಲ್ಲ" ಎಂದರಂತೆ. ಅವಳು ಬಿಸಿಲೇರುವವರೆಗೆ ಬುಟ್ಟಿ ಕವುಚಿ ಅದರ ಮೇಲೆ ಕೂತು, ಹೊಟ್ಟೆಯೊಡೆದ ಬೂತಾಯಿ ಅರ್ಧ ಬುಟ್ಟಿ ಹೊತ್ತು ತಂದಳು. ಆಸ್ಪತ್ರೆಯ ಅಡಿಗೆಯವನು ಅದನ್ನು ನೋಡಿ, "ಎಂತ ರಾಜೀವಿ, ಇದು ಬೆಕ್ಕಿಗಾ?" ಎಂದ. ಜನ್ಮದಲ್ಲಿ ಮೊದಲ ಬಾರಿ ಅಕ್ಕ ಗಿರಾಕಿಗೆ ತಿರುಗಿ ಮಾತಾಡದೆ ಬಂದಳು.

ಈಗ ಸಂಘಕ್ಕೆ ಹೇಳುವುದಾ ಬೇಡವಾ ಎಂಬ ಪ್ರಶ್ನೆ. ಹೇಳಬೇಡ ಎಂದು ಭಾವ. ಹೇಳಬೇಡ ಎಂದು ಪಿಯುಸ್ ಪೊರ್ಬುಗಳು, "ಬೆಂಗ್ರೆಯ ದಡಕ್ಕೆ ಬಂದು ರಾಯರು ನೋಡ್ತಾರಾ?" ಎಂದು ನಗುತ್ತ. ನಿಜ ಹೇಳಬೇಕೆಂದರೆ ನಾನೂ ಸುಮ್ಮನಿರು ಎಂದೇ ಹೇಳಿದೆ. ಅಕ್ಕ ನಮ್ಮ ಮೂವರನ್ನೂ ಸಮಾ ಬೈದಳು.

"ಮುಚ್ಚಿಟ್ಟು ತಗೊಂಡ ಮನೆಯಲ್ಲಿ ನಿದ್ರೆ ಬರ್ತದಾ? ಯಾರು ಬಾಗಿಲು ತಟ್ಟಿದರೂ ಸಂಘದವರೇ ಬಂದರು ಅಂತ ಹೆದರಿಕೊಂಡು ಕೂರಲಿಕ್ಕೆ ನನಗೆ ಮನೆ ಬೇಕಾ? ಈಗ ಬಾಡಿಗೆ ಮನೆಯಲ್ಲಿ ಅದೇ ಹೆದರಿಕೆ ಉಂಟಲ್ಲ, ಅದು ಸಾಲದಾ?"

ಹೋಗಿ ಹೇಳಿದಳು. ನಾನೂ ಜೊತೆಗಿದ್ದೆ. ರಾಯರು ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೀನು ಹೇಳದಿದ್ದರೆ ಬರುವ ವಾರ ಮಂಜೂರಾಗ್ತಿತ್ತು. ಹೇಳಿದ ಮೇಲೆ ಹೇಗೆ ಕೊಡುವುದು?" ಎಂದರು. ಕೇಳಿದಿರಲ್ಲ? ತಿಳಿಸಬೇಕು ಎಂಬ ನಿಯಮ ಓದಿದವರೂ ಅವರೇ, ತಿಳಿಸಿದ್ದಕ್ಕೆ ಕೈ ಎತ್ತಿದವರೂ ಅವರೇ. ನನಗೆ ಅಲ್ಲೇ ಮೈಯೆಲ್ಲ ಉರಿಯಿತು. ಆಮೇಲೆ ಅವರು ದೊಡ್ಡ ಉಪಕಾರ ಮಾಡುವವರ ಹಾಗೆ ಮುಂದೆ ಬಾಗಿ ಹೇಳಿದರು: "ಒಂದು ದಾರಿ ಉಂಟು. ನಿನ್ನ ಗಂಡನಿಗೆ ಈಗ ತಿಂಗಳ ಸಂಬಳ. ಅರ್ಜಿಯನ್ನು ಅವನ ಹೆಸರಿಗೆ ಮಾಡಿಬಿಡುವ. ಮನೆ ಅವನ ಹೆಸರಿಗೆ. ನಾಳೆಯೇ ಆಗ್ತದೆ."

ಅಕ್ಕ ಕೇಳಿದಳು, "ಅವರು ಸತ್ತರೆ ಮನೆ ಯಾರಿಗೆ ರಾಯರೇ?"

ರಾಯರಿಗೆ ಗೊತ್ತಿರಲಿಲ್ಲವೆಂದಲ್ಲ. ಮಂಗಳೂರಿನಲ್ಲಿ ಹುಟ್ಟಿದವರಿಗೆ ಇದು ಗೊತ್ತಿಲ್ಲದಿರುತ್ತದೆಯೇ? ನಮ್ಮದು ಅಳಿಯಸಂತಾನ. ಗಂಡಸು ಸತ್ತರೆ ಅವನ ಹೆಸರಿನಲ್ಲಿದ್ದದ್ದು ಅವನ ಅಕ್ಕತಂಗಿಯರಿಗೆ, ಅವರ ಮಕ್ಕಳಿಗೆ. ಹೆಂಡತಿಗೆ, ಅವಳು ಹೆತ್ತ ಮಕ್ಕಳಿಗೆ ಒಂದು ಹಂಚಿನ ಚೂರೂ ಇಲ್ಲ. ಭಾವನ ಹೆಸರಿಗೆ ಮನೆಯಾದರೆ ಅವನು ಕಣ್ಣು ಮುಚ್ಚಿದ ದಿನ ಅದು ದಮಯಂತಿಯದ್ದು, ಯಾದವನದ್ದು.

"ಅದು ನಿಮ್ಮ ಜಾತಿಯ ಕಟ್ಟಳೆ" ಎಂದರು ರಾಯರು. "ಕಂತು ಬಂದರೆ ಸಂಘಕ್ಕೆ ಯಾರ ಹೆಸರಾದರೆ ಎಂತ?"

"ನನಗೆ ಎಂತ ಅಂತ ನಾನು ಹೇಳ್ತೇನೆ. ಮೀನು ಹೊತ್ತು ಕಂತು ಕಟ್ಟುವುದು ನಾನು, ಕೊನೆಗೆ ಮಕ್ಕಳ ಕೈ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೂ ನಾನು. ಬೇಡ. ನನ್ನ ಅರ್ಜಿ ನನ್ನ ಹೆಸರಿನಲ್ಲೇ ಇರಲಿ. ಹರಿದು ಹಾಕಬೇಡಿ. ನಾನು ಪುನಃ ಬರ್ತೇನೆ" ಎಂದು ಅಕ್ಕ ಹೊರಗೆ ಬಂದಳು.

ಅವಳು ಬೇಡವೆಂದರೂ ಆ ಮಾತು ಹೇಗೋ ಬೋಳಾರಕ್ಕೆ ಮುಟ್ಟಿತು. ಹೇಗೆಂದು ಕೇಳಬೇಕಾಗಿಲ್ಲ, ಭಾವನಿಗೆ ತನ್ನ ಅಕ್ಕನ ಹತ್ತಿರ ಹೇಳದೆ ಯಾವ ಮಾತೂ ಜೀರ್ಣವಾಗುತ್ತಿರಲಿಲ್ಲ. ಆದಿತ್ಯವಾರ ದಮಯಂತಿ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಬಾಳೆಹಣ್ಣು ತಂದಿದ್ದಳು. ಅಮ್ಮನ ಕಾಲು ಮುಟ್ಟಿದಳು. ಆಮೇಲೆ ಕೂರದೆ ಮನೆಯೊಳಗೆ ಒಂದು ಸುತ್ತು ಬಂದಳು. ಮಾಡಿನ ಮರದ ಪಕ್ಕಾಸು ನೋಡಿದಳು, ಬಾವಿಗೆ ಬಗ್ಗಿ ನೀರು ನೋಡಿದಳು. ಯಾದವ, ಮೀಸೆ ಬಂದ ಹುಡುಗ, ಹಿತ್ತಿಲ ತೆಂಗಿನ ಮರವನ್ನು ತಟ್ಟಿ, "ಇದು ಒಳ್ಳೆ ಫಲ ಕೊಡ್ತದಾ ಮಾಮಿ?" ಎಂದು ನಮ್ಮಕ್ಕನನ್ನೇ ಕೇಳಿದ.

"ಕೊಡ್ತದೆ ಮಗಾ. ಕೊಯ್ಯಲಿಕ್ಕೆ ನಾವು ಇದ್ದೇವೆ" ಎಂದಳು ಅಕ್ಕ. ಬಾಳೆಹಣ್ಣಿನ ಗೊನೆಯನ್ನು ಎತ್ತಿ ದಮಯಂತಿಯ ಕೈಯಲ್ಲೇ ಇಟ್ಟು, "ದಮಯಂತಿ ಅಕ್ಕ, ಇದನ್ನು ತಗೊಂಡು ಹೋಗಿ. ನಮ್ಮಲ್ಲಿ ಯಾರೂ ಸತ್ತಿಲ್ಲ, ಇಷ್ಟು ಬೇಗ ನೋಡಲಿಕ್ಕೆ ಬರಬೇಕಾಗಿರಲಿಲ್ಲ" ಎಂದಳು.

ದಮಯಂತಿ ಅಳುತ್ತ ಹೋದಳು. ಭಾವನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಅಕ್ಕನಿಗೆ ಹೀಗೆ ಹೇಳ್ತೀಯಾ? ನಾನೆಂತ ನಾಳೆಯೇ ಸಾಯ್ತೇನಾ?"

"ಸಾಯುವ ದಿನ ನೀನು ಹೇಳಿ ಸಾಯ್ತೀಯಾ?" ಎಂದು ಅಕ್ಕ ಬೊಬ್ಬೆ ಹೊಡೆದಳು. ಗಂಡನಿಗೆ ಎಂದೂ ನೀವು ಬಿಟ್ಟು ಮಾತಾಡಿದವಳಲ್ಲ. ಅಮ್ಮ ಒಳಗಿನಿಂದ, "ಬೇಡ ಮಗಳೇ, ಬೇಡ" ಎಂದು ಗೋಗರೆಯುತ್ತಿದ್ದಳು.

ಜಗಳ ತಣಿಯಲೆಂದು ನಾನು ನಡುವೆ ಬಂದು, "ಭಾವ, ಮನೆ ನಿಮ್ಮ ಹೆಸರಿಗೇ ಆಗಲಿ. ನಿಮ್ಮ ಕಾಲಾನಂತರ ಅಕ್ಕನಿಗೆ, ಮಕ್ಕಳಿಗೆ ಅಂತ ಒಂದು ಉಯಿಲು ಬರೆದುಕೊಡಿ. ಅದಕ್ಕೆ ಅವಕಾಶ ಉಂಟು" ಎಂದೆ. ಭಾವ ಸ್ವಲ್ಪ ಯೋಚಿಸಿ, ಬರೆಯುತ್ತೇನೆ, ಅದಕ್ಕೆಂತ ಎಂದ. ಬೋಳಾರಕ್ಕೆ ಹೋಗಿ ಒಂದು ಮಾತು ತಿಳಿಸಿ ಬರುತ್ತೇನೆ ಎಂದು ಹೋದ. ಮರುದಿನ ಬಂದವನು ಉಯಿಲಿನ ಮಾತೇ ಎತ್ತಲಿಲ್ಲ. ನಾನು ಕೇಳಿದ್ದಕ್ಕೆ ನೆಲ ನೋಡಿಕೊಂಡು, "ನನ್ನ ಅಕ್ಕ ಊಟ ಬಿಟ್ಟು ಕೂತಿದ್ದಾಳೆ ಲಕ್ಷ್ಮೀ. ಸತ್ತ ಅಮ್ಮನ ಮೇಲೆ ಆಣೆ ಹಾಕಿದ್ದಾಳೆ" ಎಂದ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಹಿತ್ತಿಲಲ್ಲಿ ಬಲೆಯ ತುಂಡು ಬಿದ್ದೇ ಇತ್ತು. ಅದನ್ನು ಯಾರಿಗೋ ಮಾರುತ್ತೇನೆಂದು ಭಾವ ಹೇಳುತ್ತಿದ್ದ. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅಕ್ಕ ಅದರ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಗಂಟುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಆ ಸೆಣಬು ಹೊಸೆದದ್ದು ಅವಳು ಮತ್ತು ಅಮ್ಮ. ನೇಯ್ದದ್ದು ಅವಳು. ಹರಿದಾಗೆಲ್ಲ ಕಟ್ಟಿದ್ದು ಅವಳು. ಭಾವ ಅದನ್ನು ಎಳೆದದ್ದು ಹೌದು, ಒಂದು ಕಣ್ಣೂ ಅವನು ಹೆಣೆದದ್ದಲ್ಲ.

"ಲಕ್ಷ್ಮೀ, ಇವತ್ತು ಶಾಲೆಗೆ ರಜೆ ಹೇಳು. ಬೆಂಗ್ರೆಗೆ ಬಾ" ಎಂದಳು.

ಅಂದು ಹುಣ್ಣಿಮೆ. ಅಂಗಾರ ಗುರಿಕಾರರ ಅಂಗಳದಲ್ಲಿ ಬಲೆಯವರೆಲ್ಲ ಸೇರಿ ಪಾಲು ತೀರ್ಮಾನ ಮಾಡುವ ದಿನ. ಭಾವನೂ ತನ್ನ ಹಳೆಯ ಬಾಕಿ ತೆಗೆದುಕೊಳ್ಳಲು ಬಂದು ಒಂದು ಮೂಲೆಯಲ್ಲಿ ನಿಂತಿದ್ದ. ಅಕ್ಕ ಬಲೆಯನ್ನು ಇಬ್ಬರು ಆಳುಗಳಿಂದ ಹೊರಿಸಿಕೊಂಡು ಬಂದು ಅಂಗಳದ ನಡುವೆ ಹಾಕಿಸಿದಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.

"ಗುರಿಕಾರರೇ, ನನ್ನ ಬಲೆಯನ್ನು ರಂಪಣಿಗೆ ಕಟ್ಟಿಸಿಕೊಳ್ಳಿ. ಎಳೆಯಲಿಕ್ಕೆ ಕೂಲಿ ಕೊಟ್ಟು ಆಳು ಕಳಿಸ್ತೇನೆ. ಪಾಲು ನನ್ನ ಹೆಸರಿಗೆ" ಎಂದಳು.

ಅಂಗಾರ ಗುರಿಕಾರರು ಒಳ್ಳೆಯ ಮನುಷ್ಯರು, ಆದರೆ ಹಿಂದೆ ನಡೆಯದ್ದು ಮುಂದೆ ನಡೆಯಬಾರದು ಎನ್ನುವವರ ಪೈಕಿ. "ಹೆಂಗಸಿನ ಹೆಸರಿಗೆ ಬಲೆ ಎಲ್ಲಿ ಉಂಟು ಮಾರಾಯ್ತಿ?" ಎಂದರು.

"ಯಾಕಿಲ್ಲ? ಅಣ್ಣುವಿನ ಹೆಂಡತಿಯ ತುಂಡು ಉಂಟಲ್ಲ ನಿಮ್ಮ ಬಲೆಯಲ್ಲಿ?"

"ಅದು ಬೇರೆ. ಅಣ್ಣು ತೀರಿಹೋಗಿದ್ದಾನೆ. ಗಂಡ ಸತ್ತವಳ ಬಲೆಯನ್ನು ಬಿಚ್ಚಬಾರದು ಅಂತ ನಮ್ಮ ದಡದ ಕಟ್ಟಳೆ. ನಿನಗೆ ಗಂಡ ಇದ್ದಾನೆ."

ಆಗ ಅವಳು ಆ ಮಾತು ಹೇಳಿದಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ, ನನ್ನ ಎರಡು ಕಿವಿಯಲ್ಲಿ ಕೇಳಿದ್ದೇನೆ. "ಹಾಗಾದರೆ ಗಂಡ ಸತ್ತರೆ ನನ್ನ ಬಲೆ ನೀರಿಗೆ ಇಳೀತದೆ, ಬದುಕಿದ್ದರೆ ಇಲ್ಲ. ಅವರ ಹೆಸರಿಗೆ ಮನೆ ಮಾಡಿದರೆ ಅವರು ಬದುಕಿದ್ದಷ್ಟು ದಿನ ನನಗೆ ಮಾಡು ಉಂಟು, ಸತ್ತರೆ ಇಲ್ಲ. ನೀವೆಲ್ಲ ಸೇರಿ ಒಂದು ತೀರ್ಮಾನ ಮಾಡಿ ಹೇಳಿ, ನನ್ನ ಗಂಡ ಇರಬೇಕಾ, ಸಾಯಬೇಕಾ? ನನಗಂತೂ ಇರಬೇಕು. ಇರುವ ಗಂಡನನ್ನೂ ಇಟ್ಟುಕೊಂಡು ನಾನು ಹೇಗೆ ಬದುಕುವುದು ಅಂತ ಕೇಳ್ತಾ ಇದ್ದೇನೆ!"

"ನನಗಂತೂ ಇರಬೇಕು" ಎಂದಳು ಅವಳು. ಬೊಕ್ಕಪಟ್ಣದ ಮಹನೀಯರೇ, ಆ ಎರಡು ಶಬ್ದ ನಿಮ್ಮ ಕಿವಿಗೆ ಯಾಕೆ ಬೀಳಲಿಲ್ಲ?

ಹಿಂದಿನಿಂದ ಒಬ್ಬ, "ಹೆಂಗಸಿನ ಬಲೆ ಅಂತ ಮೀನು ಬೀಳದೆ ಹೋದರೆ?" ಎಂದ. ಅಕ್ಕ ಅವನ ಕಡೆ ತಿರುಗಿ, "ಇಷ್ಟು ವರ್ಷ ನೀನು ತಿಂದ ಮೀನು ಯಾರ ಬಲೆಗೆ ಬಿದ್ದದ್ದು? ನಿನ್ನ ಬಲೆ ನೇಯ್ದವಳು ನಿನ್ನ ಅಮ್ಮ. ಮನೆಗೆ ಹೋಗಿ ಕೇಳು" ಎಂದಳು. ಒಬ್ಬಿಬ್ಬರು ನಕ್ಕರು. ನಗು ಬಂದದ್ದೇ ಒಳ್ಳೆಯದಾಯಿತು, ಅಂಗಾರ ಗುರಿಕಾರರು ಗಂಟಲು ಸರಿ ಮಾಡಿಕೊಂಡು ಭಾವನನ್ನು ಕೇಳಿದರು: "ಬೂಬಾ, ನಿನ್ನದೆಂತ? ಬಲೆ ಅವಳದ್ದಾ?"

ಭಾವನ ಮುಖ ಕಪ್ಪಿಟ್ಟಿತ್ತು. ಬೇಡ ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. "ಹೌದು, ಅವಳು ನೇಯ್ದದ್ದು" ಎಂದ. ಹೇಳಿ ತನ್ನ ಬಾಕಿಯನ್ನೂ ತೆಗೆದುಕೊಳ್ಳದೆ ದೋಣಿಯ ಕಡೆಗೆ ನಡೆದ. ಮರುದಿನ ರಂಪಣಿಗೆ ಅಕ್ಕನ ತುಂಡು ಕಟ್ಟಿದರು.

ಸಂಘಕ್ಕೆ ಪುನಃ ಹೋದೆವು. "ಇನ್ನೂ ಒಂದು ಬದಲಾವಣೆಯಾ?" ಎಂದು ರಾಯರು ಸಿಡುಕಿದರು. "ನಿಮ್ಮ ನಿಯಮವೇ ಅಲ್ವಾ, ಬಂದು ತಿಳಿಸಬೇಕು ಅಂತ? ತಿಳಿಸಲಿಕ್ಕೆ ಬಂದಿದ್ದೇನೆ" ಎಂದಳು ಅಕ್ಕ. ಈಗ ದಡದಲ್ಲಿ ಮೊದಲ ಸರದಿಯ ಜೊತೆಗೆ ಮೀನಿನ ಪಾಲೂ ಅವಳದ್ದೇ. ಅದನ್ನು ಗುರಿಕಾರರೇ ಬಂದು ಹೇಳಬೇಕೆಂದು ರಾಯರು ಹಟ ಹಿಡಿದರು. ಅಂಗಾರ ಗುರಿಕಾರರು ಬಿಳಿ ಮುಂಡಾಸು ಕಟ್ಟಿಕೊಂಡು ಫಳ್ನೀರಿಗೆ ಬಂದು ಹೇಳಿದರು. ಕೇಳಿದ್ದಕ್ಕಿಂತ ಕಡಿಮೆ ಸಾಲವನ್ನೇ ಸಂಘ ಕೊಟ್ಟಿತು. ಉಳಿದದ್ದನ್ನು ನಿಧಾನಕ್ಕೆ ಕೊಡುವುದೆಂದು ಪಿಯುಸ್ ಪೊರ್ಬುಗಳನ್ನು ಒಪ್ಪಿಸಬೇಕಾಯಿತು; ಅವರು ಗೊಣಗುತ್ತಲೇ ಒಪ್ಪಿದರು. ಮಳೆ ಹಿಡಿಯುವ ಮೊದಲು ಮನೆ ಅಕ್ಕನ ಹೆಸರಿಗೆ ರಿಜಿಸ್ಟ್ರಿ ಆಯಿತು. ಅಂದು ಸಂಜೆ ಅಮ್ಮ ಜಗಲಿಯಲ್ಲಿ ಕಾಲು ನೀಡಿ ಕೂತು ಎಲೆಯಡಿಕೆ ಹಾಕಿಕೊಂಡಳು.

ಭಾವ ಮನೆ ಬಿಟ್ಟು ಹೋಗಲಿಲ್ಲ. ಆದರೆ ಆ ಮಳೆಗಾಲವಿಡೀ ಅಕ್ಕನ ಹತ್ತಿರ ಮಾತಾಡಲಿಲ್ಲ. ಒಮ್ಮೆ ನನ್ನೊಡನೆ ಮಾತ್ರ, "ನಾನು ಸಾಯುವ ದಿನವನ್ನೇ ಹಿಡಿದುಕೊಂಡು ಎಲ್ಲರೂ ಮಾತಾಡಿದಿರಲ್ಲ ಲಕ್ಷ್ಮೀ. ನಾನು ಎದುರಿಗೇ ನಿಂತಿದ್ದೆ" ಎಂದ. ಅವನ ಮೇಲೆ ನನಗೆ ಕೋಪ ಬರದ ಒಂದು ದಿನ ಅದು. ಮಳೆ ಬಿಟ್ಟ ಮೇಲೆ ಅವನು ಕಾರ್ಖಾನೆಯಿಂದ ಹಂಚು ತಂದು, ಸೋರುವ ಕಡೆಯೆಲ್ಲ ತಾನೇ ಹತ್ತಿ ಬದಲಾಯಿಸಿದ. ಅಕ್ಕ ಕೆಳಗೆ ನಿಂತು ಒಂದೊಂದೇ ಹಂಚು ಎತ್ತಿ ಕೊಟ್ಟಳು. ಹಾಗೆ ಅವರ ಮಾತು ಪುನಃ ಶುರುವಾಯಿತು.

ಯುದ್ಧದ ವರ್ಷಗಳಲ್ಲಿ ಅಕ್ಕಿ ಸಿಗುತ್ತಿರಲಿಲ್ಲ, ಮೀನಿಗೆ ಕ್ರಯ ಬಂತು. ಅಕ್ಕ ಒಂದು ಕಂತೂ ತಪ್ಪಿಸಲಿಲ್ಲ. ಮಳೆಗಾಲದಲ್ಲಿ ಒಣಮೀನು ಹೊತ್ತು ಬಜಪೆಯವರೆಗೆ ನಡೆದು ಅವಳ ಕಾಲಿನ ಬೆರಳ ಸಂದೆಲ್ಲ ಹುಣ್ಣಾಗಿ ಹೋಗಿತ್ತು. ಸಾಲ ತೀರಿದ ದಿನ ಮನೆಯ ಪತ್ರವನ್ನು ತಂದು ಅಮ್ಮನ ಮಡಿಲಲ್ಲಿ ಇಟ್ಟಳು. ಅಮ್ಮ ಅದೇ ಮನೆಯಲ್ಲಿ, ನಮ್ಮ ಮನೆಯಲ್ಲಿ, ತೀರಿಹೋದಳು.

ನಲವತ್ತೈದನೇ ಇಸವಿಯಲ್ಲಿ ಭಾವನಿಗೆ ವಿಷಮಜ್ವರ ಹಿಡಿಯಿತು. ಅಕ್ಕ ಬುಟ್ಟಿ ಬದಿಗಿಟ್ಟು ಅವನ ತಲೆಯ ಹತ್ತಿರ ಕೂತಳು. ಗಂಜಿ ತಿನ್ನಿಸಿದಳು, ಒದ್ದೆ ಬಟ್ಟೆ ಹಾಕಿದಳು, ಬೈದಳು, ಹರಕೆ ಹೇಳಿದಳು. ಉಳಿಯಲಿಲ್ಲ. ಚಾವಡಿಯಲ್ಲಿ ಅವಳ ತೊಡೆಯ ಮೇಲೆಯೇ ಪ್ರಾಣ ಹೋಯಿತು.

ನಮ್ಮ ಕಟ್ಟಳೆಯಲ್ಲಿ ಗಂಡಸಿನ ಹೆಣ ಅವನ ತಾಯಿಯ ಮನೆಯದ್ದು. ಕೊಳ್ಳಿ ಇಡುವವನು ಅಳಿಯ, ಅಂದರೆ ಅಕ್ಕತಂಗಿಯರ ಮಗ. ದಮಯಂತಿ ಎದೆ ಬಡಿದುಕೊಳ್ಳುತ್ತ ಬಂದಳು. ಅವಳ ದುಃಖ ನಿಜವೇ, ಅವಳಿಗೂ ಇದ್ದದ್ದು ಒಬ್ಬನೇ ತಮ್ಮ. ಯಾದವ ನಾಲ್ಕು ಜನರನ್ನು, ಬಿದಿರನ್ನು ತಂದಿದ್ದ. ಮದುವೆಯಾಗಿ ದೂರದಲ್ಲಿದ್ದ ಹಿರಿಯ ಮಗಳು ಬರುವವರೆಗೆ ತಂದೆಯ ಮುಖ ನೋಡಲು ಇಡಿ ಎಂದು ಅಕ್ಕ ಕೇಳಿದಳು. ಹೊತ್ತಾಗುತ್ತದೆ, ಬೋಳಾರದಲ್ಲಿ ಜನ ಕಾಯುತ್ತಿದ್ದಾರೆ ಎಂದ ಯಾದವ. ಹೆಣ ಎತ್ತುವ ಮೊದಲು ಅವನು ಒಮ್ಮೆ ಮಾಡಿನ ಹಂಚುಗಳನ್ನು ನೋಡಿದ. "ಮಾಮನ ಸಂಬಳವೂ ಈ ಮನೆಗೆ ಬಿದ್ದಿದೆ ಮಾಮಿ. ಹದಿಮೂರು ದಿನ ಕಳೆಯಲಿ, ಆ ಮಾತು ಮತ್ತೆ ಆಡುವ" ಎಂದ.

ನನ್ನ ಕೈ ಅವನ ಕೆನ್ನೆಗೆ ಹೋಗುವುದರಲ್ಲಿತ್ತು. ಅಕ್ಕ ತಡೆದಳು. ಅವಳು ಎದ್ದು ಹೊಸ್ತಿಲಲ್ಲಿ ನಿಂತಳು, ಎರಡೂ ಕೈಗಳಿಂದ ಬಾಗಿಲ ದಾರಂದ ಹಿಡಿದುಕೊಂಡು. ಬೊಬ್ಬೆ ಹೊಡೆಯಲಿಲ್ಲ.

"ಆ ಮಾತು ಈಗಲೇ ಮುಗಿಯಲಿ ಯಾದವ. ಹೆಣ ನಿಮ್ಮದು, ತಗೊಂಡು ಹೋಗಿ. ನಾನು ಅಡ್ಡ ಬರುವುದಿಲ್ಲ. ಮನೆ ನನ್ನದು. ಈ ಮೆಟ್ಟಿಲು ಇಳಿದ ಮೇಲೆ ಪುನಃ ಹತ್ತಬೇಡ."

ಹೇಳಿ ಬದಿಗೆ ಸರಿದು ದಾರಿ ಬಿಟ್ಟಳು. ಅವರು ಭಾವನನ್ನು ಹೊತ್ತುಕೊಂಡು ಹೋದರು. ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ನಿಂತೇ ಇದ್ದಳು. ಆಮೇಲೆ ಒಳಗೆ ಬಂದು, ಅವನು ಮಲಗಿದ್ದ ಖಾಲಿ ಚಾಪೆಯ ಮೇಲೆ ಕೂತು, ನನ್ನ ಸೆರಗು ಹಿಡಿದು ಎಳೆದಳು.

"ಮನೆ ನನ್ನ ಹೆಸರಿಗೆ ಬರೆಸಿಕೊಂಡೆ ಲಕ್ಷ್ಮೀ" ಎಂದಳು. "ಅವರನ್ನು ಬರೆಸಿಕೊಳ್ಳಲಿಕ್ಕೆ ಆಗಲಿಲ್ಲ."